ಡಾಡ್ಜಿ ಎಂದರೆ ಬರೀ ಮೋಸವಲ್ಲ

ಮಂಡ್ಯದ ಓದುಗರೊಬ್ಬರ ಪತ್ರದ ಸಾರ: ‘ಇಂಗ್ಲೆಂಡಿನಲ್ಲಿರುವ ಮಗಳು ವಾಟ್ಸಾಪಿನಲ್ಲಿ ಒಂದೇ ವಾರದಲ್ಲಿ ಮೂರು ಸಲ ಡಾಡ್ಜಿ (dodgy) ಎಂಬ ಇಂಗ್ಲಿಷ್ ಪದ ಬರೆದಳು. ಮನೆ ಓನರ್ ಡಾಡ್ಜಿ, ತಿಂದ ಸಿಗಡಿ ಡಾಡ್ಜಿ, ಅವಳ ಮಂಡಿಯೂ ಡಾಡ್ಜಿಯಂತೆ. ನಿಘಂಟಿನಲ್ಲಿ “ಮೋಸದ, ವಂಚಕ” ಎಂದಿದೆ. ಮಂಡಿ ಹೇಗೆ ಮೋಸ ಮಾಡುತ್ತದೆ? ನಮ್ಮ ಬೀದಿಯ ಕರೆಂಟ್ ತಂತಿಯ ಬಗ್ಗೆ ಇಂಗ್ಲಿಷಿನಲ್ಲಿ ದೂರು ಬರೆಯಬೇಕು. ಅದರಲ್ಲಿ ಈ ಪದ ಹಾಕಬಹುದೇ?’

ಉತ್ತರ: ನಿಮ್ಮ ನಿಘಂಟು ಅರ್ಧ ಹೇಳಿ ನಿಲ್ಲಿಸಿದೆ. ಡಾಡ್ಜ್ ಎಂದರೆ ಸರಕ್ಕನೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವುದು. ನಾಮಪದವಾದರೆ ಕಿತಾಪತಿ, ಉಪಾಯ. ಅದರಿಂದ 1860ರ ದಶಕದಲ್ಲಿ ಹುಟ್ಟಿದ ಗುಣವಾಚಕ ಇದು. ಮೊದಲು ಜಾರಿಕೊಳ್ಳುವ ಮನುಷ್ಯನಿಗೆ ಅಂಟಿಕೊಂಡಿತು, ಆಮೇಲೆ ವಸ್ತುಗಳಿಗೂ ಹರಡಿತು.

ಮೂರೂ ವಾಕ್ಯಗಳನ್ನು ಒಟ್ಟಿಗೆ ಹಿಡಿಯುವ ಕನ್ನಡ ಪದ ‘ನೆಚ್ಚಲಾಗದ’. ನೆಚ್ಚಿನ ನಟ, ನೆಚ್ಚಿನ ತಿಂಡಿ ಎನ್ನುತ್ತಾ ನೆಚ್ಚು ಎಂದರೆ ಇಷ್ಟ ಎಂದೇ ಆಗಿಬಿಟ್ಟಿದೆ. ಅದರ ಮೂಲ ಅರ್ಥ ನಂಬು, ಭರವಸೆ ಇಡು. ಮಳೆ ನೆಚ್ಚಿ ಬಿತ್ತಿದೆವು ಎನ್ನುವಾಗ ಇರುವುದು ಆ ಅರ್ಥವೇ. ಓನರನ್ನು ನೆಚ್ಚಿ ಅಡ್ವಾನ್ಸ್ ಕೊಡಲಾಗದು, ಸಿಗಡಿಯನ್ನು ನೆಚ್ಚಿ ಬಾಯಿಗಿಡಲಾಗದು, ಮಂಡಿಯನ್ನು ನೆಚ್ಚಿ ಮೆಟ್ಟಿಲು ಹತ್ತಲಾಗದು.

ಆಡುಮಾತಿನಲ್ಲಿ ಇದಕ್ಕೆ ಹತ್ತಿರವಾದದ್ದು ‘ಕೈಕೊಡು’. ಗೆಳೆಯ ಕೈಕೊಟ್ಟ, ಮಳೆ ಕೈಕೊಟ್ಟಿತು, ಕೊನೆಗೆ ಮಂಡಿಯೂ ಕೈಕೊಡುತ್ತದೆ! ಆದರೆ ಒಂದು ವ್ಯತ್ಯಾಸ ಗಮನಿಸಿ. ‘ಕೈಕೊಟ್ಟಿತು’ ಎಂದರೆ ಆಗಿಹೋದ ಮಾತು. ಡಾಡ್ಜಿ ಎಂದರೆ ಇನ್ನೂ ಕೈಕೊಟ್ಟಿಲ್ಲ ಅಥವಾ ಆಗಾಗ ಮಾತ್ರ ಕೊಡುತ್ತಿದೆ, ಯಾವಾಗ ಎಂದು ಹೇಳಲಾಗದು. ಸ್ವಿಚ್ ಒತ್ತಿದಾಗ ಒಮ್ಮೆ ದೀಪ ಹತ್ತುತ್ತದೆ, ಇನ್ನೊಮ್ಮೆ ಇಲ್ಲ, ಬೆರಳಿನಿಂದ ಅದುಮಿ ಹಿಡಿದರೆ ಚರ್ ಎಂದು ಸದ್ದು ಮಾಡಿ ಹತ್ತುತ್ತದೆ ಎಂದುಕೊಳ್ಳಿ. ಆ ಸ್ವಿಚ್ ಡಾಡ್ಜಿ. ಪೂರ್ತಿ ಸುಟ್ಟುಹೋದ ಸ್ವಿಚ್ಚಿಗೆ ಈ ಪದ ಸಲ್ಲದು. ಹಾಗೆಯೇ ಹಳಸಿ ನಾರುವ ಸಾರು ಡಾಡ್ಜಿ ಅಲ್ಲ, ‘ಯಾಕೋ ವಾಸನೆ ಬೇರೆ ಇದೆಯಲ್ಲ’ ಎಂದು ಮೂಗು ಅನುಮಾನಿಸುವ ಸಾರು ಡಾಡ್ಜಿ. ಕಲಿಯುವವರು ಹೆಚ್ಚು ಎಡವುವುದು ಇಲ್ಲೇ.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ, ಅತಿಯಾಗಿ ಬೆಳ್ಳಗೆ ಹೊಳೆಯುವ ಬೆಲ್ಲದಚ್ಚು ಡಾಡ್ಜಿ, ಬಣ್ಣಕ್ಕೆ ಏನು ಹಾಕಿದ್ದಾರೋ ಎಂಬ ಅನುಮಾನ. ಮೈಸೂರಿನ ರಿಂಗ್ ರೋಡಿನಾಚೆ ಖಾತೆ ತೋರಿಸದೆ ಬರೀ ಅಗ್ರಿಮೆಂಟಿನ ಮೇಲೆ ದುಡ್ಡು ಕೇಳುವ ಸೈಟೂ ಡಾಡ್ಜಿ. ಬ್ರಿಟನ್ನಿನಲ್ಲಿ 2003ರ ಫೆಬ್ರವರಿಯಲ್ಲಿ ಸರ್ಕಾರ ಇರಾಕ್ ಬಗ್ಗೆ ಹೊರಡಿಸಿದ ದಾಖಲೆಗೆ ಪತ್ರಿಕೆಗಳು ‘ಡಾಡ್ಜಿ ಡಾಸಿಯೇ’ (ನೆಚ್ಚಲಾಗದ ಕಡತ) ಎಂದೇ ಹೆಸರಿಟ್ಟವು. ಅದರ ದೊಡ್ಡ ಭಾಗ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಬರಹದಿಂದ ಹೇಳದೆ ಎತ್ತಿಕೊಂಡದ್ದಾಗಿತ್ತು.

ಮನುಷ್ಯರಿಗೆ ಬಳಸುವಾಗ ಮಾತ್ರ ಎಚ್ಚರ ಬೇಕು. ‘ಅವನು ಡಾಡ್ಜಿ’ ಎಂದರೆ ಅವನು ಪ್ರಾಮಾಣಿಕನಲ್ಲ ಎಂದೇ ಅರ್ಥ. ಆದರೆ ಮಗಳು ‘ಫೀಲಿಂಗ್ ಎ ಬಿಟ್ ಡಾಡ್ಜಿ’ ಎಂದರೆ ಗಾಬರಿಯಾಗಬೇಡಿ, ಮೈ ಹುಷಾರಿಲ್ಲ, ಬಹುಶಃ ಹೊಟ್ಟೆ ಸರಿಯಿಲ್ಲ ಎಂದಷ್ಟೇ. ಉಚ್ಚಾರಣೆಯಲ್ಲಿ ನಡುವಿನ ‘ಡ್’ ಬೇರೆಯಾಗಿ ಕೇಳಿಸದು, ‘ಡಾಜಿ’ ಎಂಬಂತೆ ನುಡಿಯಿರಿ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇದು ದಿನಬಳಕೆಯ ಮಾತು. ಅಮೆರಿಕದವರು ಇದೇ ಜಾಗದಲ್ಲಿ ಹೆಚ್ಚಾಗಿ ‘ಸ್ಕೆಚಿ’, ‘ಶೇಡಿ’ ಎನ್ನುತ್ತಾರೆ.

ಇನ್ನು ನಿಮ್ಮ ದೂರು. ದಯವಿಟ್ಟು ಅಲ್ಲಿ ಈ ಪದ ಬೇಡ. ಇದು ಸಲಿಗೆಯ ಪದ, ಜೊತೆಗೆ ಏನು ಕೆಟ್ಟಿದೆ ಎಂಬುದನ್ನೂ ಹೇಳುವುದಿಲ್ಲ. ಎಂಜಿನಿಯರಿಗೆ ಬೇಕಾದದ್ದು ಕಂಬದ ಸಂಖ್ಯೆ, ತಂತಿ ನೆಲದಿಂದ ಎಷ್ಟು ಅಡಿ ಎತ್ತರಕ್ಕೆ ಜೋತುಬಿದ್ದಿದೆ, ಗಾಳಿ ಬಂದಾಗ ಕಿಡಿ ಹಾರುತ್ತದೆಯೇ ಎಂಬ ವಿವರ. ‘ಲೂಸ್’, ‘ಡ್ಯಾಮೇಜ್ಡ್’, ‘ಅನ್‌ಸೇಫ್’ ಇವುಗಳಲ್ಲಿ ಹೊಂದುವುದನ್ನು ಹಾಕಿ. ಗುತ್ತಿಗೆದಾರನ ಹೆಸರು ಬರೆದು ಅವನನ್ನು ಡಾಡ್ಜಿ ಎಂದರಂತೂ ಮಾನನಷ್ಟದ ಮಾತು ಬಂದೀತು.

ಮಗಳಿಗೆ ಬರೆಯುವಾಗ ಸಂಕೋಚವಿಲ್ಲದೆ ಬಳಸಿ. ‘ಹೌ ಈಸ್ ದಟ್ ಡಾಡ್ಜಿ ನೀ?’ (ಆ ಡಾಡ್ಜಿ ಮಂಡಿ ಹೇಗಿದೆ?) ಎಂದು ಕೇಳಿ. ಅಲ್ಲಿಯ ಅಪ್ಪಂದಿರು ಕೇಳುವುದೂ ಹಾಗೆಯೇ.