ಹೆರಿಗೆ ಕಷ್ಟ ಆಗಿದ್ದಕ್ಕೇ ಸೆರೆಬ್ರಲ್ ಪಾಲ್ಸಿ ಬಂತಾ?

ಪ್ರಶ್ನೆ: ಡಾಕ್ಟ್ರೇ, ಮಗ ಹುಟ್ಟಿದ ತಕ್ಷಣ ಅಳಲಿಲ್ಲ, ಎನ್‌ಐಸಿಯುನಲ್ಲಿ (ಹಸುಗೂಸುಗಳ ಐಸಿಯು) ಇಟ್ಟಿದ್ರು. ಈಗ 11 ತಿಂಗಳು, ಇನ್ನೂ ಕೂರಲ್ಲ, ಬಲಗೈ ಮುಷ್ಟಿ ಬಿಡಲ್ಲ. ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿಗೆ ಪೆಟ್ಟಾಗಿ ಕೈಕಾಲು ಸರಿಯಾಗಿ ಹಿಡಿತಕ್ಕೆ ಬರದ ತೊಂದ್ರೆ, ಇರಬಹುದು ಅಂದಿದಾರೆ. ನೀನು ಸರಿಯಾಗಿ ಮುಕ್ಕಲಿಲ್ಲ, ಅದಕ್ಕೇ ಹೀಗಾಯ್ತು ಅಂತಾರೆ ಅತ್ತೆ.

ಉತ್ತರ: ಇಲ್ಲಮ್ಮ, ಇದು ನಿಮ್ಮ ತಪ್ಪಲ್ಲ, ಅತ್ತೆಯವರಿಗೂ ಇದನ್ನ ಓದಿ ಹೇಳಿ. ಕಷ್ಟದ ಹೆರಿಗೆಯಿಂದ ಹೀಗಾಗತ್ತೆ ಅಂತ 1861ರಲ್ಲಿ ಲಂಡನ್ನಿನ ಡಾ. ವಿಲಿಯಂ ಲಿಟ್ಲ್ ಹೇಳಿದ್ರು, ಆದ್ರೆ 1897ರಲ್ಲಿ ವಿಯೆನ್ನಾದ ನರರೋಗ ವೈದ್ಯ ಸಿಗ್ಮಂಡ್ ಫ್ರಾಯ್ಡ್, ಹೊಟ್ಟೇಲಿದ್ದಾಗ್ಲೇ ಮಗುವಿಗೆ ಏನೋ ತೊಂದ್ರೆ ಆಗಿದ್ರೆ ಅದ್ರಿಂದ್ಲೇ ಹೆರಿಗೆನೂ ಕಷ್ಟ ಆಗಿರಬಹುದಲ್ವಾ ಅಂತ ಕೇಳಿದ್ರು, ಅದು ಇವತ್ತಿಗೂ ಒಳ್ಳೇ ಪ್ರಶ್ನೆನೇ. ಹೆರಿಗೆ ಟೈಮಲ್ಲಿ ಆಕ್ಸಿಜನ್ ಕಡಿಮೆ ಆಗೋದು ಒಂದು ಕಾರಣ ಹೌದು, ಆದ್ರೆ ತಿಂಗಳು ತುಂಬದೆ ಹುಟ್ಟೋದು, ಗರ್ಭದಲ್ಲಿ ಸೋಂಕು, ಹುಟ್ಟಿದ್ಮೇಲೆ ವಿಪರೀತ ಕಾಮಾಲೆ, ಇವೂ ಇವೆ. ನಿಮ್ಮ ಮಗಂದು ಒಂದೇ ಕಡೆ ಕೈ ಅಂತೀರಲ್ಲ, ಅದು ಹುಟ್ಟೋ ಮುಂಚೆನೋ ಹುಟ್ಟೋ ಹೊತ್ತಿನ ಆಸುಪಾಸಿನಲ್ಲೋ ಮೆದುಳಲ್ಲಿ ಆದ ಸ್ಟ್ರೋಕ್‌ನಿಂದ ಇರಬಹುದು, ಎಂಆರ್‌ಐ ಮಾಡಿದ್ರೆ ಎಷ್ಟೋ ಸಲ ಗೊತ್ತಾಗತ್ತೆ. ರಿಪೋರ್ಟ್ ಬರ್ಲಿ ಅಂತ ಕಾಯ್ಬೇಡಿ, ಫಿಸಿಯೋಥೆರಪಿ ಈ ವಾರಾನೇ ಶುರು ಮಾಡಿ, ಕಣ್ಣು ಕಿವಿ ಟೆಸ್ಟ್ ಮಾಡಿಸಿ, ಫಿಟ್ಸ್ ಥರ ಏನಾದ್ರೂ ಕಂಡ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.