18ರ ಹುಡುಗಿ ವ್ಯಾಗನ್ ಸಾಲಿನ ಜೊತೆ ಹೊರಟದ್ದು

ಪ್ರಶ್ನೆ: ವೆಸ್ಟರ್ನ್ ಸಿನಿಮಾಗಳಲ್ಲಿ ಬಿಳಿ ಬಟ್ಟೆ ಹೊದ್ದ ವ್ಯಾಗನ್ ಸಾಲು ನೋಡಿದಾಗೆಲ್ಲಾ ನಾನೂ ಹಾಗೆ ಹೋಗ್ಬೇಕಿತ್ತು ಅನ್ಸುತ್ತೆ. ನನ್ನ ವಯಸ್ಸಿನ ಹುಡುಗೀರು ನಿಜವಾಗ್ಲೂ ಹೋಗ್ತಿದ್ರಾ?
– ಕಾಲೇಜು ಓದುಗಿ, ಶಿವಮೊಗ್ಗ

ಉತ್ತರ: ಹೋಗಿದ್ರು ಕಣಮ್ಮ, ಬರೆದೂ ಇಟ್ಟಿದ್ದಾರೆ. ನನ್ನ ಮನಸ್ಸಿಂದ ಹೋಗದೇ ಇರೋಳು ಸುಸಾನ್ ಮಗಾಫಿನ್. ಅಮೆರಿಕದ ಕೆಂಟಕಿ ರಾಜ್ಯದ ದೊಡ್ಡ ಮನೆತನ, ಅಜ್ಜ ಆ ರಾಜ್ಯದ ಮೊದಲ ಗವರ್ನರ್. 1846ರ ಜೂನಲ್ಲಿ, ಮದುವೆಯಾಗಿ ಇನ್ನೂ ವರ್ಷ ತುಂಬಿರ್ಲಿಲ್ಲ, 18 ವಯಸ್ಸು, ವ್ಯಾಪಾರಿ ಗಂಡನ ಜೊತೆ ಮಿಸೌರಿಯಿಂದ ಸಾಂಟಾ ಫೆಗೆ ಹೊರಟ್ಲು, ಆಗ ಅದು ಮೆಕ್ಸಿಕೋಗೆ ಸೇರಿದ ಊರು. ಸರಕಿನ ದೊಡ್ಡ ವ್ಯಾಗನ್ನೇ 14, ಒಂದೊಂದಕ್ಕೂ ಆರು ಜೋಡಿ ಎತ್ತು. ಇವಳಿಗೆ ಹೇಸರಗತ್ತೆ ಕಟ್ಟಿದ ಬೇರೆ ಸಾರೋಟಿತ್ತು. ಅನುಕೂಲಸ್ಥರ ಪ್ರಯಾಣ ಇದು, ಒರೆಗಾನ್ ಕಡೆ ಹೋದ ರೈತರ ಮನೆ ಹೆಂಗಸರು ಎಷ್ಟೋ ದಾರಿ ನಡೆದೇ ಹೋದ್ರು.

ಸಾಂಟಾ ಫೆ ದಾರಿಯ ಬಯಲಲ್ಲಿ ಸೌದೆ ಸಿಗೋದು ಕಷ್ಟ, ಕಾಡೆಮ್ಮೆ ಸಗಣಿ ಒಣಗಿ ಬಿದ್ದಿರೋದನ್ನ ಆರಿಸ್ಕೊಂಡು ಬಂದು ಒಲೆ ಹಚ್ಚೋದು, ನಮ್ಮ ಬೆರಣಿ ಥರಾನೇ. ಒಂದು ರಾತ್ರಿ ಸೊಳ್ಳೆಗಳು ಸಾರೋಟಿಗೆ ಬಡಿಯೋ ಸದ್ದು ಜೋರು ಮಳೆ ಹುಯ್ದ ಹಾಗಿತ್ತು ಅಂತ ಸುಸಾನ್ ತನ್ನ ಡೈರೀಲಿ ಬರೀತಾಳೆ. ಜುಲೈ 4ಕ್ಕೆ ಪಾನೀ ರಾಕ್ ಅನ್ನೋ ಬಂಡೆ ಮೇಲೆ ಅವಸರದಲ್ಲಿ ಹೆಸರು ಕೆತ್ತಿದ್ಲು, ಅದೇ ದಿನ ಹಳ್ಳ ಇಳಿಯುವಾಗ ಸಾರೋಟು ಮಗುಚಿ ಬಿದ್ದು ಪ್ರಜ್ಞೆ ತಪ್ಪಿತು. ಆಗ ಅವಳು ಬಸುರಿ.

ಆ ತಿಂಗಳ ಕೊನೇಲಿ ಅರ್ಕನ್ಸಾ ನದಿ ದಡದ ಬೆಂಟ್ಸ್ ಫೋರ್ಟ್ ಅನ್ನೋ ಮಣ್ಣಿನ ಕೋಟೇಲಿ ಮಲಗಿದ್ಲು. ಹೊರಗೆ ಕುದುರೆಗಳಿಗೆ ಲಾಳ ಹೊಡೆಯೋ ಸದ್ದು, ಮಕ್ಕಳ ಅಳು, ಗಂಡಸರ ಜಗಳ. ಜುಲೈ 30ಕ್ಕೆ 19 ತುಂಬಿತು, ಮಾರನೇ ರಾತ್ರಿ ಗರ್ಭ ಇಳಿದುಹೋಯ್ತು. ಅದೇ ಹೊತ್ತಲ್ಲಿ ಕೆಳಗಿನ ರೂಮಲ್ಲಿ ಒಬ್ಬ ಮೂಲನಿವಾಸಿ ಹೆಂಗಸಿಗೆ ಗಟ್ಟಿಮುಟ್ಟಾದ ಮಗು ಹುಟ್ಟಿತು, ಅರ್ಧ ಗಂಟೇಲಿ ಆ ತಾಯಿ ಮಗುವನ್ನ ಎತ್ಕೊಂಡು ಹೊಳೆಗೆ ಹೋಗಿ ಇಬ್ಬರದ್ದೂ ಸ್ನಾನ ಆಯ್ತಂತೆ. ತನ್ನ ಮಗು ಹೋದ ದುಃಖದ ಪಕ್ಕದಲ್ಲೇ ಇದನ್ನೂ ಬರೆದು, ನಮ್ಮವರು ಬಾಣಂತಿಯರನ್ನ ಅತಿಯಾಗಿ ಜೋಪಾನ ಮಾಡಿಯೇ ಹಾಳು ಮಾಡ್ತಾರೇನೋ ಅಂತ ಯೋಚಿಸ್ತಾಳೆ. ಆ ಸ್ಥಿತೀಲಿ ಪಕ್ಕದವಳನ್ನ ಅಷ್ಟು ಬೆರಗಿಂದ ನೋಡೋ ಮನಸ್ಸು ಎಷ್ಟು ದೊಡ್ಡದು ನೋಡಿ, ನಾನು ಆ ಪುಟಾನ ಎರಡು ಸಲ ಓದ್ದೆ.

ವಾರದಲ್ಲೇ ಮತ್ತೆ ಹೊರಟ್ರು. ರಾಟೋನ್ ಘಾಟೀಲಿ ಗಂಟೆಗೆ ಅರ್ಧ ಮೈಲಿಯಷ್ಟೇ ಸಾಗಿದ್ದೂ ಇದೆ. ಆಗಸ್ಟ್ 31ಕ್ಕೆ ಸಾಂಟಾ ಫೆ ಮುಟ್ಟಿದ್ರು, ಅಷ್ಟೊತ್ತಿಗೆ ಅಮೆರಿಕದ ಸೈನ್ಯ ಆ ಊರನ್ನ ಹಿಡಿದಾಗಿತ್ತು.

ಅವಳು ತೀರ್ಕೊಂಡಿದ್ದು 1855ರಲ್ಲಿ, 28ನೇ ವಯಸ್ಸಿಗೆ. ಡೈರಿ ಅಚ್ಚಾಗಿದ್ದು 1926ರಲ್ಲಿ. ಇಂಗ್ಲಿಷಲ್ಲಿದೆ, ಓದೋದಾದ್ರೆ ಮೊದಲು ಜುಲೈ ತಿಂಗಳ ಪುಟಗಳನ್ನ ತೆಗೀರಿ.