ಬೇಲಿಯ ಗಂಧದ ಗಿಡ ಯಾರದ್ದು?

ಪತ್ರ: ಎರಡು ಎಕರೆಯಲ್ಲಿ ಶ್ರೀಗಂಧ ಹಾಕಿದ್ದೇನೆ. ಜಮೀನು ನನ್ನದು, ಬೋರ್‌ವೆಲ್ ನನ್ನದು, ಮರವೂ ನನ್ನದು. ಕಡಿಯೋಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಯಾಕೆ? ನೆಲದ ಮೇಲಿನದ್ದು, ಕೆಳಗಿನದ್ದು ಎಲ್ಲಾ ಮಾಲೀಕನಿಗೇ ಬಿಟ್ಟರೆ ಅವನೇ ಉಳಿಸಿಕೊಳ್ತಾನೆ ಅಲ್ವಾ?
— ಕೋಲಾರ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಓದುವಾಗ ನಮ್ಮಪ್ಪ ನೆನಪಾದರು. ಪಿಕಳಾರ ಹಕ್ಕಿ ಗಂಧದ ಹಣ್ಣು ತಿಂದು ಬೇಲಿಯ ಮೇಲೆ ಕೂತು ಬೀಜ ಉದುರಿಸುತ್ತಿತ್ತು. ಒಂದೆರಡು ಮಳೆಯಾದರೆ ಲಂಟಾನದ ಸಂದಿಯಲ್ಲಿ ಗೇಣುದ್ದದ ಸಸಿ. ಅಪ್ಪ ಅದನ್ನು ಬೇರು ಸಮೇತ ಕಿತ್ತು ಆಚೆ ಎಸೆಯುತ್ತಿದ್ದರು. ‘ಬೆಳೆದ್ರೆ ಸರ್ಕಾರದ್ದು, ಕಳುವಾದ್ರೆ ನಮ್ಮ ತಲೆಗೆ’ ಅನ್ನುತ್ತಿದ್ದರು. ಮರ ಬೆಳೆಸೋದರಲ್ಲಿ ಅವರಷ್ಟು ಆಸೆ ಇದ್ದವರು ನಮ್ಮೂರಲ್ಲಿ ಕಡಿಮೆ. ಗಂಧ ಅಂದರೆ ಮಾತ್ರ ಹೆದರಿಕೆ.

ಆ ಹೆದರಿಕೆ ಹಳೆಯದು. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷ, ಅಂದರೆ ಅರಸನ ಮರ, ಎಂದು ಸಾರಿದ. ಮುಂದೆ ಬಂದ ಸರ್ಕಾರಗಳೂ ಆ ಹಿಡಿತ ಬಿಡಲಿಲ್ಲ. ನಮ್ಮ ಹೊಲದಲ್ಲಿ ಹುಟ್ಟಿದ ಮರ ಸರ್ಕಾರದ್ದು, ಕಾಯುವ ಹೊಣೆ ನಮ್ಮದು. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಜಮೀನಿನವರೇ ಮರದ ಒಡೆಯರು ಎಂದರು. ನೀವು ಧೈರ್ಯವಾಗಿ ಎರಡು ಎಕರೆ ಹಾಕಿದ್ದು ಅದರಿಂದಲೇ. ಅಷ್ಟರ ಮಟ್ಟಿಗೆ ನಿಮ್ಮ ಮಾತು ನೂರಕ್ಕೆ ನೂರು ನಿಜ.

ಆದರೆ ಅನುಮತಿ ಪೂರ್ತಿ ಬೇಡ ಅನ್ನೋದನ್ನು ನಾನು ಒಪ್ಪಲಾರೆ. ಕಾಡಿನಿಂದ ಕದ್ದು ತಂದ ತುಂಡನ್ನೂ ನಿಮ್ಮ ತೋಟದ ತುಂಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಚೇಗು (ಮರದ ಒಳತಿರುಳು), ಒಂದೇ ವಾಸನೆ. ಎಲ್ಲಿಂದ ಬಂತು ಅಂತ ಹೇಳೋದು ಆ ಪರ್ಮಿಟ್ ಒಂದೇ. ಅದೂ ಇಲ್ಲದಿದ್ದರೆ ಕಳ್ಳ ‘ನನ್ನ ಹೊಲದ್ದು’ ಅಂದರೆ ಸಾಕು, ಕಾಡಿನಲ್ಲಿ ಅಳಿದುಳಿದ ಮರವೂ ಹೋಗುತ್ತದೆ. ಹದಿನೈದು ಇಪ್ಪತ್ತು ವರ್ಷ ಕಾದ ನಿಮ್ಮ ಮರವನ್ನೂ ಒಂದೇ ರಾತ್ರಿಯಲ್ಲಿ ಗರಗಸ ಹಾಕಿ ಹೊತ್ತೊಯ್ದು ಮಾರೋದು ಅವನಿಗೆ ಸಲೀಸು. ಅನುಮತಿ ಸುಮ್ನೆ ತಡವಾದರೆ ಅದು ಬೇರೆ ಮಾತು. ಆ ಜಗಳದಲ್ಲಿ ನಾನು ನಿಮ್ಮ ಕಡೆ.

ಇನ್ನು ನೆಲದ ಕೆಳಗಿನದ್ದು. ನೀವು ಕೇಳುತ್ತಿರುವ ಹಕ್ಕನ್ನು ನೀರಿನ ವಿಷಯದಲ್ಲಿ ನಾವು ಯಾವತ್ತೋ ಕೊಟ್ಟುಬಿಟ್ಟಿದ್ದೇವೆ. ದಾರಿ, ನೀರಿನಂಥ ಜಮೀನಿನ ಹಕ್ಕುಗಳ ಬಗ್ಗೆ ಹೇಳುವ 1882ರ ಈಸ್‌ಮೆಂಟ್ಸ್ ಕಾಯ್ದೆಯ ಕಾಲದಿಂದಲೂ ಜಮೀನಿನವನು ತನ್ನ ನೆಲದಡಿಯ ನೀರನ್ನು ಎತ್ತಿಕೊಳ್ಳಬಹುದು. ಅದರಿಂದ ಯಾರು ಉಳಿಸಿದರು? ನಿಮ್ಮ ಜಿಲ್ಲೆಯಲ್ಲೇ ನೋಡಿ, ಸಾವಿರ ಅಡಿ ದಾಟಿದರೂ ಬರೀ ಧೂಳು ಬರುವ ಬೋರ್‌ವೆಲ್‌ಗಳಿವೆ. ಮರ ನಿಮ್ಮ ಬದುವಿನೊಳಗೇ ನಿಂತಿರುತ್ತದೆ. ನೀರಿಗೆ ಬದು ಎಲ್ಲಿದೆ? ನೀವು ಬಿಟ್ಟ ನೀರನ್ನು ಪಕ್ಕದವರು ಇನ್ನೂರು ಅಡಿ ಜಾಸ್ತಿ ಕೊರೆಸಿ ಎತ್ತುತ್ತಾರೆ. ಹಾಗಾಗಿ ಯಾರೂ ಬಿಡುವುದಿಲ್ಲ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ (ಸರ್ಕಾರ ಗುರುತಿಸಿ ಪ್ರಕಟಿಸಿದ) ಪ್ರದೇಶಗಳಲ್ಲಿ ಅನುಮತಿ ಪಡೆದೇ ಕೊರೆಸಿ ಅನ್ನುತ್ತದೆ. ಆ ಹೊತ್ತಿಗೆ ಎಷ್ಟೋ ತೆರೆದ ಬಾವಿಗಳು ಬತ್ತಿ ಹೋಗಿದ್ದವು.

ಮರದ ಮೇಲೆ ಮಾಲೀಕನಿಗೆ ಜಾಸ್ತಿ ಹಕ್ಕು ಇರಲಿ, ನೀರಿನ ಮೇಲೆ ಊರಿಗೆ ಜಾಸ್ತಿ ಮಾತು ಇರಲಿ. ನಾನು ಹೇಳೋದು ಇಷ್ಟೇ. ನೀವು ಕಡಿಯಲು ಅರ್ಜಿ ಹಾಕಿದ್ದರೆ ಹಾಕಿದ ದಿನ, ಅನುಮತಿ ಸಿಕ್ಕ ದಿನ ಎರಡನ್ನೂ ಬರೆದು ಕಳಿಸಿ. ಗಂಧ ಬೆಳೆಯುವ ಬೇರೆ ಓದುಗರೂ ಕಳಿಸಲಿ. ಎಲ್ಲವನ್ನೂ ಒಟ್ಟಿಗೆ ಪ್ರಕಟಿಸುತ್ತೇವೆ.